ಹಿಂದಿನ ಸೀಟಿನ ಬೋಲ್ಟ್

ಇಸ್ತ್ರಿ ಆಮೇಲೆ ಮಾಡ್ಕೋ ಅಣ್ಣ, ಮೊದಲು ಅತ್ತಿಗೆಗೆ ಫೋನ್ ಮಾಡು. ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಿಸೋಕೆ ಹೇಳು. ಅಷ್ಟೇ. ಕಾರಣ ಗೀರಣ ಏನೂ ಬೇಡ... ಯಾಕೆ ನಗ್ತೀಯ? ತಮಾಷೆಗೆ ಓಡಿ ಬಂದಿದೀನಾ ನಾನು? ಚಪ್ಪಲಿ ನೋಡು, ಒಂದು ನಂದು, ಇನ್ನೊಂದು ಯಾರದೋ. ಹೌದು, ಅಂಗಡಿಗೆ ವಾರದ ರಜ ಇವತ್ತು, ಮಲಗಿರಬೇಕಿತ್ತು. ನಿದ್ದೆ ಬರಬೇಕಲ್ಲ...

ನಾನು ಮಾಡಿದ್ರೆ ಅತ್ತಿಗೆ ಯಾಕೆ, ಏನು ಅಂತ ನೂರೆಂಟು ಕೇಳ್ತಾರೆ. ನೀನು ನಿಲ್ಲಿಸು ಅಂದ್ರೆ ನಿಲ್ಲಿಸ್ತಾರೆ. ಪುಟ್ಟಿನೂ ಜೊತೆಗಿದಾಳಲ್ಲ? ಇದಾಳೆ ತಾನೆ... ಅಯ್ಯೋ.

ಸದ್ದು ಅಣ್ಣ, ಸದ್ದು. ಮೊನ್ನೆ ನಾನು ಡಿಕ್ಕೀಲಿ ಕೂರಿಸಿದ ದೊಡ್ಡ ಸ್ಪೀಕರ್, ಆ ಸಬ್‌ವೂಫರ್, ಗುಂಯ್ ಅನ್ನುತ್ತೆ, ಅದಕ್ಕೆ... ಅಷ್ಟಕ್ಕೆಲ್ಲ ಯಾರು ಹೆದ್ದಾರೀಲಿ ಗಾಡಿ ನಿಲ್ಲಿಸ್ತಾರೆ ಅಂತೀಯಾ? ಸರಿ, ಸದ್ದಲ್ಲ. ಬ್ಯಾಟರಿ ವೈರು. ಬೆಂಕಿ... ಇಲ್ಲ ಇಲ್ಲ, ಗಾಬರಿ ಬೀಳಬೇಡ, ಬೆಂಕಿ ಹತ್ತಲ್ಲ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿದೀನಿ, ಅದರಲ್ಲಿ ನಾನು ತಪ್ಪೋನಲ್ಲ. ಕಂಪನಿ ಸ್ಟೀರಿಯೋಗೆ ಆಂಪ್ಲಿಫೈಯರ್ ಸಿಕ್ಕಿಸೋ ಜಾಗಾನೇ ಇರಲಿಲ್ಲ. ಹಿಂದಿನ ಸ್ಪೀಕರ್ ವೈರಿಂದಾನೇ ಹಾಡು ಎಳ್ಕೊಂಡೆ. ಒಂದು ಪ್ಲಾಸ್ಟಿಕ್ ಕ್ಲಿಪ್ ಕೂಡ ಮುರೀಲಿಲ್ಲ. ನೀನೇ ಬೆನ್ನು ತಟ್ಟಿದೆ...

ಅರ್ಥ್ ವೈರ್ ಒಂದು ಉಳಿದಿತ್ತು. ಆ ಕಪ್ಪು ವೈರು ಗಾಡಿಯ ಬರಿ ಲೋಹಕ್ಕೆ ಬಿಗಿಯಾಗಿ ಕೂರಬೇಕು, ಇಲ್ಲಾಂದ್ರೆ ಗುಂಯ್ ಅನ್ನೋದು ನಿಲ್ಲಲ್ಲ. ಹೊಸ ಗಾಡಿ, ತೂತು ಕೊರೀಬೇಡ ಅಂದೆ ನೀನು. ಇಡೀ ಗಾಡೀಲಿ ಗಟ್ಟಿ ಬೋಲ್ಟ್ ಯಾವುದು ಹೇಳು? ಹಿಂದಿನ ಸೀಟಿನ ಬೆಲ್ಟ್ ಹಿಡಿದಿರೋದು. ಎಡಗಡೇದು. ಬಿಚ್ಚಿದೆ, ಬಣ್ಣ ಕೆರೆದೆ, ವೈರ್ ಇಟ್ಟೆ, ತಿರುಗಿಸಿದೆ. ಸದ್ದು ನಿಂತೇ ಹೋಯ್ತು. ಎಷ್ಟು ಖುಷಿಯಾಯ್ತು ಗೊತ್ತಾ ನನಗೆ...

ಇದು ನೋಡು. ಅದೇ ಬೋಲ್ಟ್. ಗಾಡೀಲಿ ಇರಬೇಕಾದದ್ದು ನನ್ನ ಕೈಲಿದೆ. ಅಲ್ಲಿರೋದು ಸ್ಪೀಕರ್ ಡಬ್ಬ ಕೂರಿಸೋ ಬೋಲ್ಟ್. ದಪ್ಪ ಒಂದೇ, ಉದ್ದ ಅರ್ಧ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನ ಹಾಕಿಬಿಟ್ಟಿದೀನಿ. ಎರಡೋ ಮೂರೋ ಸುತ್ತು ಹಿಡ್ಕೊಂಡಿರಬೇಕು. ಜೋರಾಗಿ ಬ್ರೇಕ್ ಹಾಕಿದ್ರೆ ಬೆಲ್ಟು ಬುಡಸಮೇತ ಕಿತ್ತು ಬರುತ್ತೆ.

ಪುಟ್ಟಿ ಯಾವ ಕಡೆ ಕೂತಿದಾಳೆ ಅಣ್ಣ? ಹೇಳು... ಎಡಗಡೆ. ಸಬ್‌ವೂಫರ್ ಬೆನ್ನಿಗೆ ಗುದ್ದುತ್ತೆ ಚಿಕ್ಕಪ್ಪ ಅಂತ ನಗ್ತಾ ಅಲ್ಲೇ ಕೂತಿದ್ಲು ಮೊನ್ನೇನೂ.

ಮಾಡು, ಫೋನ್ ಮಾಡು. ಈಗ ಒಂದು ಗಂಟೆ ಹಿಂದೆ ಸಿಕ್ತು ಅಣ್ಣ, ದೇವರಾಣೆ. ಅಂಗಡೀಲಿ ಕಸ ಗುಡಿಸ್ತಿದ್ದೆ, ಮೇಜಿನ ಕೆಳಗೆ... ಬೈ. ಕಪಾಳಕ್ಕೆ ಬಾರಿಸು. ಹಾಗೆ ನೋಡಬೇಡ... ಅಂಗಿ ಸುಡ್ತಿದೆ ಅಣ್ಣ, ಇಸ್ತ್ರಿಪೆಟ್ಟಿಗೆ ಎತ್ತು.

ಹೂಂ. ರಜ ಅಂತ ನಾನೇ ಅಂದೆ. ಇವತ್ತು ಅಂಗಡಿ ಬಾಗಿಲು ತೆಗೆದೇ ಇಲ್ಲ.

ನಿನ್ನೆ ಸಂಜೆ ಸಿಕ್ತು. ಜೇಬಲ್ಲಿ ಇಟ್ಕೊಂಡು ನೇರ ಇಲ್ಲಿಗೇ ಬಂದೆ. ನೀನು ಪಕ್ಕದ ಮನೆಯವರಿಗೆ ಡಿಕ್ಕಿ ತೆಗೆದು ತೋರಿಸ್ತಿದ್ದೆ. ನನ್ನ ತಮ್ಮನ ಕೆಲಸ ನೋಡಿ ಅಂತಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಣ್ಣ, ನಿನ್ನ ಬಾಯಿಂದ ಆ ಮಾತು... ಬೋಲ್ಟ್ ಜೇಬಲ್ಲೇ ಬಿಟ್ಟು ವಾಪಸ್ ಹೋದೆ. ಬೆಳಿಗ್ಗೆ ಅತ್ತಿಗೆ ಹೊರಡೋ ಮುಂಚೆ ಬಂದು ಯಾರಿಗೂ ಗೊತ್ತಾಗದ ಹಾಗೆ ಬದಲಾಯಿಸ್ತೀನಿ ಅಂದ್ಕೊಂಡೆ. ಬರೋ ಹೊತ್ತಿಗೆ ಗಾಡಿನೇ ಇಲ್ಲ.

ಫೋನ್ ನನಗ್ಯಾಕೆ ಕೊಡ್ತೀಯ? ನೀನು ಹೇಳು ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ... ರಿಂಗ್ ಆಗ್ತಿದೆ...

ಹಲೋ, ಅತ್ತಿಗೆ. ನಾನು. ಗಾಡಿ ಪಕ್ಕಕ್ಕೆ ಹಾಕಿ. ನಿಧಾನ, ಬ್ರೇಕ್ ಮೆಲ್ಲಗೆ ಒತ್ತಿ... ನಿಂತ್ರಾ? ಪುಟ್ಟೀನ ಬಲಗಡೆಗೆ ಕೂರಿಸಿ. ಇಲ್ಲ ಅತ್ತಿಗೆ, ಸದ್ದಿಗಲ್ಲ... ಅಣ್ಣ ಇಲ್ಲೇ ಇದಾನೆ. ಫೋನ್ ತಗೊಳ್ತಿಲ್ಲ. ನಾನೇ ಹೇಳ್ತೀನಿ ಕೇಳಿ... ನನಗೆ ನಿನ್ನೇನೇ ಗೊತ್ತಿತ್ತು.