ಬೆನ್ನಿಗೆ ಹಚ್ಚುವ ಮಷಿನ್

...ಏ, ತಡೀ ಅಂದೆನಲ್ಲವ್ವಾ! ಆ ಪಟ್ಟಿ ಮ್ಯಾಲಿನ ಹಾಳಿ ಈಗಲೇ ಸುಲೀಬ್ಯಾಡ. ಒಮ್ಮಿ ಸುಲದ್ರ ಅಂಟು ಒಣಗತದ. ಹಚ್ಚಬೇಕೋ ಬ್ಯಾಡೋ ಅಂತ ಇನ್ನೂ ಎಲ್ಲಿ ಠರಾವ ಆಗೇದ?

ಯಾಕ ನಗತಿ? ಇದರಾಗ ನಗೂದೇನದ? ...ಅಲಲಾ, ಈ ಪಟ್ಟಿಗೇನ ಅಂಟೇದ? ಕೂದಲಾ! ಬಿಳೀ ಕೂದಲಾ! ಅಪ್ಪನ ಮೊಣಕಾಲಿಗೆ ಹಚ್ಚಿ ನೋಡೀರಿ, ಹೌದಿಲ್ಲ? ಭಲೆ! ನಿನ್ನ ಅಳಿಯ ರವಿಕುಮಾರ ಹೆಂಡತಿ ಹೆರಿಗಿ ಬ್ಯಾನಿಗಂತ ಪುಣೆದಿಂದ ಕಳಿಸಿದ ಮಷಿನ್, ಮಾವನ ಮೊಣಕಾಲಿಗೆ ಉದ್ಘಾಟನೆ ಆತು. ಏನಂದ ಅಪ್ಪ? ಚಲೋ ಆತು ಅಂದ? ಅಪ್ಪನ ಕಾಲು ಚಲೋ ಆಗಿದ್ದು ಕುರಿ ತಮ್ಮ ಮಾಳೂನ ಕೈಗೆ ಕೊಟ್ಟು ತಾ ಕಟ್ಟಿ ಮ್ಯಾಲೆ ಕುಂತ ಮ್ಯಾಲೆ. ನಡೀಲಿಲ್ಲಂದ್ರ ಯಾರ ಮೊಣಕಾಲರೆ ಯಾಕ ನೋಯ್ತಾವ?

ನಾ ಕೊಲ್ಲಾಪುರದಾಗ ಎಂ.ಎಸ್ಸಿ. ಓದಿದ್ದು ಇದನ್ನ, ಅವ್ವಾ. ಯಾವುದರಿಂದ ಏನಾತು ಅಂತ ಅಂಕಿ ಹಿಡದು ಕೇಳೂದು. ನೀ ಸಂಖ್ಯಾಶಾಸ್ತ್ರ ಅಂದ್ರ ಜಾತಕಾ ನೋಡೂದು ಅನ್ಕೊಂಡು ಊರಿಗೆಲ್ಲಾ ಹೇಳಿದ್ದಿ. ಬಾಜೂಮನಿ ಬೀರವ್ವ ಮಗಳ ಲಗ್ನಕ್ಕ ಮುಹೂರ್ತ ಕೇಳಲಾಕ ಬಂದಿದ್ಳು, ನೆನಪದ?

ತಡಿ... ಬಂತು. ಮಾತಾಡಿಸಬ್ಯಾಡ... ... ...ಹ್ಞಾ. ಹೋತು. ಕೈ ಬಿಡು, ನಿನ್ನ ಗಾಜಿನ ಬಳಿ ಒತ್ತಲಾಕತ್ತಾವ. ಎಷ್ಟು ನಿಮಿಷಕ್ಕ ಬಂತಿದು? ಗಡಿಯಾರ ನೋಡಂದ್ರ ನನ್ನ ಮಾರಿ ನೋಡತಿ.

ಕೇಳಿಲ್ಲಿ. ಈ ಮಷಿನ್ ಬೆನ್ನಿಗೆ ಸಣ್ಣ ಕರೆಂಟ್ ಬಿಡತದ. ಶಾಕ್ ಅಲ್ಲ, ಇರಿವಿ ಹರದಂಗ. ನೋವು ತಲಿಗೆ ಮುಟ್ಟೂದರಾಗ ಇರಿವಿ ಹೋಗಿ ಮುಟ್ಟತಾವಂತ. ಅದು ಮಾರಾವರ ಮಾತು. ನಾ ಓದಿದ್ದು ಬ್ಯಾರೆ. ಹಚ್ಚಿಕೊಂಡವರಿಗೂ ಹಚ್ಚಿಕೊಳ್ಳದವರಿಗೂ ನೋವಿನಾಗ ಹೇಳುವಂಥ ಫರಕಿಲ್ಲ. ಆದ್ರೂ ಹಚ್ಚಿಕೊಂಡವರು ಮುಂದಿನ ಹೆರಿಗಿಗೂ ಬೇಕಂತಾರ. ಯಾಕ ಹೇಳು? ಬಟನ್ ತಮ್ಮ ಕೈಯಾಗ ಇರತದ. ಅಷ್ಟ. ಇಡೀ ಮೈಯಾಗ ಬ್ಯಾರೆ ಏನೂ ತಮ್ಮ ಕೈಯಾಗ ಇಲ್ಲದಾಗ, ಒಂದು ಬಟನ್...

ಗೊತ್ತವ್ವಾ, ರವಿ ಫೋನಿನಾಗ ಏನಂದ ನಂಗೂ ಕೇಳಸೇದ. "ಕಾಜಲ್‌ಗ ಹೇಳ್ರಿ, ಸುರುದಾಗೇ ಹಚ್ಚಬೇಕು, ತಡಾ ಆದ್ರ ಉಪಯೋಗಿಲ್ಲ." ಪುಣೆದಿಂದ ಬರೋ ಬಸ್ಸಿನಾಗ ಕುಂತು ಹೇಳೂದು ಸಸಾರ. ಈಗ ದಾರ್ಯಾಗ ಎಲ್ಲೋ ಇಳದು ಚಾ ಕುಡೀಲಾಕತ್ತಿರಬೇಕು.

ಸುರು ಅಂದ್ರ ಯಾವುದು ಸುರು? ಬ್ಯಾನಿ ಮುಂಜಾನಿ ಐದಕ್ಕ ಸುರುವಾಗ್ಯಾವ. ನೀ ಹತ್ತರತನಾ ಯಾರಿಗೂ ಹೇಳಗೊಡಲಿಲ್ಲ. ಬೀರವ್ವ ಬಂದು ಕೇಳಿದ್ರ ಹುಡುಗಿಗೆ ಪಿತ್ತ ಆಗೇದ ಅಂದಿ. ಬ್ಯಾನಿ ಸುದ್ದಿ ಮಂದಿ ಕಿವಿಗೆ ಬಿದ್ರ ಹೆರಿಗಿ ತಡಾ ಆಗತದಂತ! ಜೀಪಿನಾಂವನೂ ಮಂದಿ ಲೆಕ್ಕಕ್ಕ ಬಂದ, ಅವಗೂ ಫೋನ್ ಹಚ್ಚಲಿಲ್ಲ. ಈಗ ಮಾಳು ಜೀಪ್ ತರತೀನಂತ ಹೋಗಿ ಒಂದು ತಾಸಾತು. ಜತ್ತಿನ ದವಾಖಾನಿ ಏನ ನಡಕೋತ ನಮ್ಮೂರು ದರಿಬಡಚಿಗೆ ಬರತದ?

ಸಿಟ್ಟಿಲ್ಲ. ಸಿಟ್ಟಿಲ್ಲವ್ವಾ, ಕಣ್ಣೀರು ತರಬ್ಯಾಡ. ನಿನ್ನ ಮ್ಯಾಲೆ ಸಿಟ್ಟಾಗಲಾಕ ನಂಗೇನ ಅಧಿಕಾರ ಅದ...

ಏನಿಲ್ಲ. ಸುಮ್ನ ಅಂದೆ.

ಬಂತು... ಅವ್ವಾ... ಅವ್ವಾ... ಹಿಡೀ... ...

ಹಚ್ಚೂದಾ? ಬ್ಯಾಡಂದೆ! ನೋವಿದ್ರ ಇರಲಿ. ಹಟಾ ಅಲ್ಲ. ಶ್ಯಾಣ್ಯಾತನಾ ತೋರಸಲಾಕತ್ತಿಲ್ಲ. ಕರೆಂಟ್ ಬಿಟ್ರ ಮೈ ಜುಮುಜುಮು ಅಂತದ. ಅದರಾಗ ಕೂಸು ಮಿಸುಕಾಡಿದ್ದು ಗೊತ್ತಾಗಲಿಲ್ಲಂದ್ರ?

ಯಾಕ ಹಂಗ ನೋಡತಿ?

ಮಿಸುಕಾಡತದ. ಹೂಂ. ಮಿಸುಕಾಡ್ತಿತ್ತು. ಬ್ಯಾನಿ ಇದ್ದಾಗ ಅಷ್ಟು ತಿಳಿಯಂಗಿಲ್ಲಂತ... ಇಲ್ಲ, ಅದನ್ನ ನಾ ಎಲ್ಲೂ ಓದಿಲ್ಲ. ಯಾವಾಗಂದ್ರ... ನಿನ್ನಿ ಉಂಡ ಮ್ಯಾಲೆ. ಎಡಕ್ಕ, ಪಕ್ಕೆಲುಬಿನ ಕೆಳಗ ಒದ್ದಿತ್ತು. ಆಮ್ಯಾಲೆ... ನಿನ್ನಿ ಉಂಡ ಮ್ಯಾಲೆ, ಅವ್ವಾ. ಮುಂಜಾನಿಂದ ಎಣಸಬೇಕಂತ ಕುಂತೀನಿ. ಎಣಸೂದ ನನ್ನ ಕೆಲಸ ಹೌದಲ್ಲ? ಎಣಸಲಾಕ ಒಂದೂ ಬರಲಿಲ್ಲ.

ಯಾಕ ಹೇಳಲಿಲ್ಲಂದ್ರ... ಹೇಳಿದ್ರ ಖರೇ ಆಗತದ ಅನಿಸ್ತು. ನಗು. ಈಗ ನಗು ಬೇಕಾದ್ರ!

ಏನ ಮಾಡತಿ? ಸೀರಿ ಸರಸಬ್ಯಾಡ, ಬಾಗಲಾ ತೆರದದ... ಆತು, ನೋಡು. ಕೈ ತಣ್ಣಗದ ನಿಂದು. ಹಿಂಗ ಕೈ ಇಡೂದು ನಾ ಸಣ್ಣಾಕಿದ್ದಾಗಿಂದ ನೋಡೀನಿ, ಗಬ್ಬದ ಕುರಿ ಹೊಟ್ಟಿ ಮ್ಯಾಲೆ. ಒಳಗ ಮರಿ ಹೊಳ್ಳಿತಂದ್ರ "ಅದ, ಅದ!" ಅಂತಿದ್ದಿ, ಹಟ್ಟಿ ತುಂಬ ಕೇಳಂಗ. ...ಎಡಕ್ಕ ನೋಡು. ಇನ್ನೊಂಚೂರು ಕೆಳಗ. ಒತ್ತು, ನಂಗೇನ ನೋಯಂಗಿಲ್ಲ. ಒತ್ತು.

ಕೈ ಯಾಕ ನಿಂತಿತು?

ಇನ್ನೊಮ್ಮಿ ನೋಡು. ಲಗೂ ಎತ್ತಿಬಿಟ್ಟಿ. ನೀ ಕುರಿಗೆ ಇಷ್ಟು ಲಗೂ ಎತ್ತತಿದ್ದಿಲ್ಲ.

ಮಷಿನ್ ಹಚ್ಚಿಕೋತೀನಿ, ಬೇಕಾದ್ರ. ಹಟಾ ಮಾಡೂದಿಲ್ಲ, ನೀ ಹೇಳಿದಂಗ ಕೇಳತೀನಿ. ನಾಕೂ ಪಟ್ಟಿ ಹಚ್ಚು... ವಾಯರ್ ಯಾಕ ಸುತ್ತಿಡಲಾಕತ್ತಿ? ಇಷ್ಟೊತ್ತು ಹಚ್ಚೂನು ಹಚ್ಚೂನು ಅಂದಾಕಿ ನೀನ ಅಲ್ಲ?

ಅವ್ವಾ.

ಏನರೆ ಅನ್ನು. ಸುಳ್ಳರೆ ಅನ್ನು.