ಅದಲುಬದಲಾದ ದಿಕ್ಕು

ನಗಬೇಡಿ, ಪೂರ್ತಿ ಕೇಳಿ. ಇದು ನನ್ನ ದೊಡ್ಡಮ್ಮನ ಮಗ ಮುನಿರತ್ನನಿಗೆ ಆಗಿದ್ದು. ಸುಳ್ಳು ಹೇಳೋಕೂ ಬರದ ಮನುಷ್ಯ.

ಆವತ್ತು ರಾತ್ರಿ ಸೋಲದೇವನಹಳ್ಳೀಲಿ ಬಸ್ಸಿಳಿದು, ಪಾಳು ಬಾವಿ ಪಕ್ಕದ ದಾರೀಲಿ ಒಬ್ಬನೇ ಮನೆಗೆ ಬರ್ತಿದ್ದ. ಕರೆಂಟ್ ಹೋಗಿತ್ತು. ಅರೆಬರೆ ಬೆಳದಿಂಗಳು. ಬೆಳಗ್ಗೆ ಹೋಗುವಾಗ ಚೀಲದಲ್ಲಿದ್ದ ತಾತನ ಕಂಪಾಸು ಈಗ ಇರಲಿಲ್ಲ...

ಅದು ಜಮೀನು ಅಳೆಯೋ ಹಳೇ ಹಿತ್ತಾಳೆ ಕಂಪಾಸು. ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ ಇಡೋರು. ತಾತ ಚಿಕ್ಕಮುನಿಯಪ್ಪ ಮಹಾರಾಜರ ಕಾಲದಲ್ಲಿ ಸರ್ವೆಯವರ ಜೊತೆ ಸರಪಣಿ ಹಿಡಿದು ಊರೂರು ಸುತ್ತಿದವನು. ಜಮೀನಿನ ಗಡಿಗೆ ಬಾಂದುಕಲ್ಲು ನೆಡುವಾಗ ಕಲ್ಲು ಜಾರಿ ಬಲಗೈ ಹೆಬ್ಬೆರಳು ಅರ್ಧ ಹೋಯ್ತು. ಸರ್ವೆ ಸಾಹೇಬರು ಮರುಗಿ ಈ ಕಂಪಾಸು ಕೊಟ್ಟರು ಅಂತ ಸಾಯೋವರೆಗೂ ಹೇಳ್ತಿದ್ದ. ಊರಲ್ಲಿ ಕೆಲವರು ಮಾತ್ರ, ಸಂತೇಲಿ ಕೊಂಡ್ಕೊಂಡು ಬುರುಡೆ ಬಿಡ್ತಾನೆ ಅಂತ ಆಡಿಕೊಂಡರು. ಆ ಮಾತು ಇವತ್ತಿಗೂ ನಿಂತಿಲ್ಲ.

ಶೇಖರಪ್ಪ ಅಂತ ಮುನಿರತ್ನನ ಜೀವದ ಗೆಳೆಯ, ಸಂಜಯನಗರದಲ್ಲಿ ಮನೆ. ಜಾಲಹಳ್ಳೀಲಿ ಒಂದೇ ಫ್ಯಾಕ್ಟರೀಲಿ ದುಡಿದು, ಒಂದೇ ಡಬ್ಬೀಲಿ ಉಂಡವರು. ರಿಟೈರಾದ ಮೇಲೆ ಶೇಖರಪ್ಪನಿಗೆ ಹಳೇ ಸರ್ವೆ ಕಂಪಾಸು ಕೂಡಿಡೋ ಹುಚ್ಚು ಹತ್ತಿತು. ಕೆತ್ತನೆ, ಮುಳ್ಳು ನೋಡಿ ಯಾವ ಕಾಲದ್ದು ಅಂತ ಹೇಳಿಬಿಡ್ತಿದ್ದ. ಅವನ ಬಾಯಲ್ಲಿ ಒಂದು ಮಾತು ಬಂದರೆ ತಾತನ ಮಾನ ಉಳಿಯುತ್ತೆ ಅಂತ ಮುನಿರತ್ನ ಆವತ್ತು ಕಂಪಾಸು ತಗೊಂಡು ಹೋಗಿದ್ದ.

ಶೇಖರಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ.

"ನಕಲಿ ಕಣೋ. ನಿಮ್ಮ ತಾತ ಸರ್ವೆ ಬಿಟ್ಟು ಎಷ್ಟೋ ವರ್ಷದ ಮೇಲೆ ಮಾಡಿರೋದು. ನೋಡು, ಪೂರ್ವ ಇರೋ ಕಡೆ ಪಶ್ಚಿಮ ಅಂತ ಕೆತ್ತಿದ್ದಾರೆ."

ಹೌದು, ಅದಲುಬದಲೇ ಆಗಿತ್ತು. ಮುನಿರತ್ನನ ಮುಖ ಸಪ್ಪಗಾಯ್ತು. ಹಾಗಾದರೆ ಊರವರು ಅಂದಿದ್ದೇ ನಿಜ, ತಾತ ಸುಳ್ಳ. ಮನೆಗೆ ಒಯ್ಯೋಕೂ ನಾಚಿಕೆಯಾಗಿ, ಎಲ್ಲಾದರೂ ಬಿಸಾಕು ಅಂತ ಅಲ್ಲೇ ಬಿಟ್ಟು ಬಂದ.

ಆ ರಾತ್ರಿ ಬಾವಿ ಹತ್ತಿರ ಬಂದಾಗ... ಟಿಕ್.

ಕಂಪಾಸಿನ ಮುಚ್ಚಳ ತೆಗೆದ ಸದ್ದು. ಚಿಕ್ಕಂದಿನಿಂದ ಕೇಳಿದ್ದು, ಮರೆಯೋಕಾಗುತ್ತಾ? ಹಿಂದೆಯೇ ಕಲ್ಲಿನ ಮೇಲೆ ಸರಪಣಿ ಎಳೆದಂತೆ... ಝಣ್... ಝಣ್...

ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ದರು. ಅಂಗೈಲಿ ಅದೇ ಹಿತ್ತಾಳೆ. ಗಾಜಿನ ಮೇಲೆ ಒತ್ತಿದ ಹೆಬ್ಬೆರಳು... ಅರ್ಧ.

"ನಕಲಿ ಅಂದ್ನಂತಾ?" ಪಿಸುದನಿ.

"ಹೂಂ... ತಾತ."

"ನೀನೂ ನಂಬ್ದ್ಯಾ?"

ಇವನು ಖಾಲಿ ಚೀಲದ ಕಡೆ ನೋಡಿದ.

"ಅದು ನಕಲಿ ಆದ್ರೆ... ನಾನೇನ್ಲಾ, ಮಗಾ?"

ಅಷ್ಟರಲ್ಲಿ ಕರೆಂಟ್ ಬಂತು. ಕಟ್ಟೆ ಮೇಲೆ ಯಾರೂ ಇರಲಿಲ್ಲ.

ಬೆಳಗಾಗ್ತಿದ್ದ ಹಾಗೇ, ಹೇಳದೆ ಕೇಳದೆ ಶೇಖರಪ್ಪನ ಮನೆಗೆ ಹೋದ. ಗಾಜಿನ ಬೀರುವಿನ ನಟ್ಟನಡುವೆ ತಾತನ ಕಂಪಾಸು, ಥಳಥಳ ಉಜ್ಜಿ ಇಟ್ಟಿದ್ದ. ಸುತ್ತ ಇದ್ದ ಕಂಪಾಸುಗಳನ್ನ ಇವನು ಒಂದೊಂದಾಗಿ ಬಗ್ಗಿ ನೋಡಿದ... ಎಲ್ಲದರಲ್ಲೂ ಪೂರ್ವ ಪಶ್ಚಿಮ ಅದಲುಬದಲು. ಜಮೀನು ಅಳೆಯೋ ಕಂಪಾಸು ಇರೋದೇ ಹಾಗೆ. ಮುಳ್ಳು ಉತ್ತರಕ್ಕೇ ನಿಂತಿರುತ್ತೆ, ನೋಡೋ ದಿಕ್ಕಿಗೆ ತಿರುಗೋದು ಕಂಪಾಸಿನ ಡಬ್ಬಿ, ಅದಕ್ಕೇ ಹಾಗೆ ಕೆತ್ತೋದು. ಅಸಲಿಯ ಗುರುತನ್ನೇ ತೋರಿಸಿ ನಕಲಿ ಅಂದಿದ್ದ, ಉಂಡ ಮನೆಗೆ ಎರಡು ಬಗೆಯೋನು!

ಶೇಖರಪ್ಪ ತಲೆ ಎತ್ತಲಿಲ್ಲ. "ನಿಮ್ಮ ತಾತನ ಕಾಲದ್ದೇ. ಇಂಥದ್ದು ನನ್ನ ಹತ್ರ ಇರಲಿಲ್ಲ ಕಣೋ," ಅಂದ.

ಮುನಿರತ್ನ ಬೈಯಲೂ ಇಲ್ಲ. ಕಂಪಾಸು ಚೀಲಕ್ಕೆ ಹಾಕ್ಕೊಂಡು ಬಂದ, ಅಷ್ಟೇ. ನನಗಂತೂ ಹೊಟ್ಟೆ ಉರಿದು, ಅಂಥ ದ್ರೋಹಿಯನ್ನ ಸುಮ್ಮನೆ ಬಿಟ್ಟು ಬಂದೆಯಾ ಅಂತ ಕೇಳಿದೆ. ಅವನು ಮೆಲ್ಲಗೆ ಅಂದ, "ತಾತ ಬಂದು ಕೇಳಿದ್ದು ಅವನನ್ನಲ್ಲ ಕಣೋ. ನನ್ನನ್ನ."

ಆಮೇಲೆ ತಾತ ಬರಲಿಲ್ಲ. ಎಷ್ಟು ರಾತ್ರಿ ಆ ಬಾವಿ ಹತ್ತಿರ ಹೋಗಿ ನಿಂತರೂ ಬರಲಿಲ್ಲವಂತೆ.

ನನ್ನಾಣೆ ನಿಜ. ನಂಬದಿದ್ದರೆ ಬನ್ನಿ, ಕಂಪಾಸೇ ತೋರಿಸ್ತೀನಿ. ಗಾಜಿನ ಮೇಲೆ ಅರ್ಧ ಹೆಬ್ಬೆರಳಿನ ಗುರುತಿದೆ. ನಾನೇ ಪಂಚೆ ತುದಿಯಿಂದ ಉಜ್ಜಿ ಉಜ್ಜಿ ನೋಡಿದೆ, ಹೋಗಲಿಲ್ಲ. ಗುರುತಿರೋದು ಗಾಜಿನ ಒಳಗಡೆ.