ಕಂಬಕ್ಕೆ ತಂದ ದೃಷ್ಟಿಬೊಂಬೆ

ಶ್ರೀಮಂತರ ಕಥೆ ಬಹಳ ಆಯಿತು ತಾಯಂದಿರೇ, ಅಪ್ಪಂದಿರೇ, ಇವತ್ತು ಒಬ್ಬ ಮೇಸ್ತ್ರಿಯ ಕಥೆ ಕೇಳಿ. ಒಂದೂರಿಗೆ ಮೆಟ್ರೋ ರೈಲು ಬರೋದಿತ್ತು. ರಸ್ತೆ ಉದ್ದಕ್ಕೂ ಕಂಬ ಎಬ್ಬಿಸೋ ಕೆಲಸ ಈ ಮೇಸ್ತ್ರಿಯದು. ಕೈಗುಣ ಒಳ್ಳೇದು, ಕೋಪ ಮಾತ್ರ ಮೂಗಿನ ತುದೀಲಿ.

ಒಂದು ಕಂಬಕ್ಕೆ ಕಾಂಕ್ರೀಟು ಸುರಿಯೋಕೆ ಸುತ್ತ ಕಟ್ಟಿದ್ದ ಹಲಗೆ ಬಿಚ್ಚಿ ನೋಡ್ತಾನೆ, ಬುಡದಲ್ಲಿ ಅದು ಸರಿಯಾಗಿ ಕೂತಿಲ್ಲ. ಜೇನುಗೂಡಿನ ಹಾಗೆ ತೂತು ತೂತು. ಮೇಲಿನವರಿಗೆ ಹೇಳಬೇಕಿತ್ತಲ್ವೇ? ಹೇಳಲಿಲ್ಲ. ಸಿಮೆಂಟು ಮೆತ್ತಿ ನುಣ್ಣಗೆ ಮಾಡಿಬಿಟ್ಟ. ನಗಬೇಡಿ, ನೆಂಟರು ಬರುವಾಗ ಗೋಡೆಯ ತೇವದ ಮೇಲೆ ಕ್ಯಾಲೆಂಡರ್ ನೇತುಹಾಕೋರು ನಾವೇ.

ಆರು ತಿಂಗಳಿಗೆ ಮೆತ್ತಿದ್ದು ಬಿರುಕು ಬಿಟ್ಟಿತು. ಯಾರೋ ಫೋಟೋ ತೆಗೆದರು. ಊರವರ ಮೊಬೈಲಿನಲ್ಲೆಲ್ಲ ಅದೇ ಮಾತು: "ಇದೇನು ಕಂಬವೋ, ಹಪ್ಪಳವೋ?" ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಏನು ಮಾಡಿದ ಗೊತ್ತೇ? ಊರವರ ಕೆಟ್ಟ ಕಣ್ಣು ಬಿದ್ದಿದೆ ಅಂತ ನಾಲಿಗೆ ಚಾಚಿದ ದೃಷ್ಟಿಬೊಂಬೆ ತಂದು ಕಂಬಕ್ಕೆ ಕಟ್ಟೋಕೆ ಹೊರಟ!

ಆ ಕಂಬದ ನೆರಳಲ್ಲಿ ಒಬ್ಬ ಹೆಣ್ಣುಮಗಳು ಹೂ ಮಾರ್ತಿದ್ದಳು. ಪಕ್ಕದಲ್ಲಿ ಚಾಪೆ ಮೇಲೆ ಕೂಸು ಮಲಗಿತ್ತು. ಮೇಸ್ತ್ರಿಯನ್ನು ನೋಡಿ ನಕ್ಕಳು.

"ತಲೆ ಕೆಡಿಸ್ಕೋಬೇಡ ಬಿಡಣ್ಣ. ಬೆಳಿಗ್ಗೆ ನಾಲ್ಕು ಜನ ಬಂದು, ಕಂಬ ಬಿದ್ದೀತು, ಇಲ್ಲಿಂದ ಏಳಮ್ಮ ಅಂದ್ರು. ಜಗಳಾನೇ ಆಡ್ದೆ. ನಮ್ಮಣ್ಣ ಕಟ್ಟಿರೋ ಕಂಬ, ಏನೂ ಆಗಲ್ಲ ಅಂದೆ. ಅಲ್ವೇನಣ್ಣ?"

ನೋಡಿ, ಊರೇ ಬೈದಾಗ ಬಾರದ ಕಣ್ಣೀರು ಆ ನಂಬಿಕೆಗೆ ಬಂತು. ಬೊಂಬೆ ಕೆಳಗಿಟ್ಟ. ಕೂಸನ್ನು ಎತ್ತಿ ಎದೆಗೆ ಒರಗಿಸಿಕೊಂಡ.

"ಇಲ್ಲಮ್ಮ, ಅವರು ಹೇಳಿದ್ದೇ ಸರಿ. ನಾನೇ ಮುಚ್ಚಿಟ್ಟಿದ್ದು. ಏಳು, ಆ ಮರದ ಕೆಳಗೆ ಕೂತ್ಕೋ."

ಅವಳ ಹೂಬುಟ್ಟಿ ತಾನೇ ಹೊತ್ತುಕೊಂಡು ಹೋದ. ಆಮೇಲೆ ಇಂಜಿನಿಯರ್ ಮುಂದೆ ತಪ್ಪು ಒಪ್ಪಿಕೊಂಡ. ಕಂಬಕ್ಕೆ ಆಧಾರ ಕೊಟ್ಟು, ಮೆತ್ತಿದ್ದನ್ನೆಲ್ಲ ಅವನ ಕೈಯಿಂದಲೇ ಕೆತ್ತಿಸಿ, ಹೊಸ ಕಾಂಕ್ರೀಟು ತುಂಬಿಸಿದರು. ಮೇಸ್ತ್ರಿಗಿರಿ ಹೋಯಿತು, ಕೂಲಿಯವನಾದ. ಆದರೆ ಕಂಬ ಗಟ್ಟಿಯಾದ ದಿನ ಆ ತಂಗಿಯನ್ನು ಕರೆತಂದು ಮತ್ತೆ ಅಲ್ಲಿ ಕೂರಿಸಿದವನು ಅವನೇ.

ಈಗ ನಮ್ಮನಮ್ಮ ಮನೆಗೆ ಬರೋಣ. ಸೊಸೆ ಒಂದು ತಪ್ಪು ತೋರಿಸಿದರೆ ಸಾಕು, ಸಂಸಾರಕ್ಕೆ ದೃಷ್ಟಿ ತಾಗಿತು ಅಂತ ಮೆಣಸಿನಕಾಯಿ ನಿವಾಳಿಸ್ತೀರಿ. ಕುಡಿದು ಗಾಡಿ ಓಡಿಸಬೇಡಪ್ಪ ಅಂತ ಮಗಳು ಅಂದರೆ ರೇಗ್ತೀರಿ. ತಪ್ಪು ತೋರಿಸಿದವರಿಗೆ ಕೈ ಮುಗೀರಿ ಸ್ವಾಮಿ. ನಿಮ್ಮನ್ನು ನಂಬಿ, ನಿಮಗೋಸ್ಕರ ಬೀದೀಲಿ ಜಗಳ ಆಡೋ ಜೀವ ಒಂದು ನಿಮ್ಮ ಮನೇಲೂ ಇದೆ. ಇವತ್ತು ಮನೆಗೆ ಹೋದವರೇ, ಮೆತ್ತಿ ಮುಚ್ಚಿದ್ದನ್ನು ಆ ಜೀವದ ಮುಂದೆ ಬಾಯಿಬಿಟ್ಟು ಹೇಳಿ. ನಾಳೆ ಅನ್ನಬೇಡಿ. ನಿಮ್ಮ ಮನೆಯ ಕೂಸು ಇನ್ನೂ ಆ ಕಂಬದ ಕೆಳಗೇ ಮಲಗಿದೆ.